ಹಾಡುವ ಬಟ್ಟಲು ತರಲು ಹೋದದ್ದು

ನಾಗಪುರ, ತಪಾಸಣೆಯ ಮೇಜು

ಪರದೇಶಕ್ಕೆ ಹೊರಟ ಹಾಡುಗಾರ್ತಿಯ ಕಛೇರಿ ಪರದೇಶದಲ್ಲಿ ಆಗಬೇಕು. ನನ್ನದು ನಾಗಪುರದ ವಿಮಾನ ನಿಲ್ದಾಣದಲ್ಲಿ, ತಪಾಸಣೆಯ ಮೇಜಿನ ಮೇಲೆಯೇ ಆಯಿತು.

ಕೈಚೀಲದಲ್ಲಿ ಸೀರೆಯ ಮಡಿಕೆಯೊಳಗೆ ಸುತ್ತಿ ಇಟ್ಟುಕೊಂಡಿದ್ದ ಎಲೆಕ್ಟ್ರಾನಿಕ್ ತಂಬೂರಿಯನ್ನು ಸಿಪಾಯಿ ಹೊರಗೆ ತೆಗೆದ. ಇಟ್ಟಿಗೆಗಿಂತ ತುಸು ದೊಡ್ಡ ಪೆಟ್ಟಿಗೆ, ಮೈಮೇಲೆ ಒಂದಷ್ಟು ತಿರುಗುಣಿ, ಒಳಗೆ ತಂತಿ. ನೋಡುವವರ ಕಣ್ಣಿಗೆ ಅದು ಒಳ್ಳೆಯ ಸಾಮಾನಿನಂತೆ ಕಾಣುವುದಿಲ್ಲ, ಒಪ್ಪುತ್ತೇನೆ.

"ಯೇ ಕ್ಯಾ ಹೈ, ಆಂಟೀಜಿ?"

"ತಾನ್‌ಪುರಾ."

"ತಾನ್‌ಪುರಾ ತೋ ಇತನಾ ಬಡಾ ಹೋತಾ ಹೈ," ಎಂದು ಅವನು ತನ್ನ ತಲೆಗಿಂತ ಮೇಲೆ ಕೈ ಎತ್ತಿ ತೋರಿಸಿದ. ಪಾಪ, ಅವನ ಮಾತೂ ಬರೋಬರ್. ಚಾಲೂ ಮಾಡಿ ತೋರಿಸಿ ಅಂದ. ನಾನು ಗುಂಡಿ ತಿರುಗಿಸಿದೆ. ಪ, ಸಾ, ಸಾ, ಸಾ. ಬೂಟು ಬಿಚ್ಚಿ ತಟ್ಟೆಯಲ್ಲಿಟ್ಟು ನಿಂತಿದ್ದ ಜನ ಗೊಣಗುವುದನ್ನು ಬಿಟ್ಟು ಸುಮ್ಮನಾದರು. ಸಿಪಾಯಿಯ ಮುಖ ಸಡಿಲವಾಯಿತು.

"ಆಪ್ ಗಾತೀ ಹೈ?"

"ಗಾತೀ ಥೀ," ಅಂದೆ. ಹಾಡುತ್ತಿದ್ದೆ, ಈಗಿಲ್ಲ. ಪಕ್ಕದಲ್ಲಿ ಬೆಲ್ಟು ಕೈಯಲ್ಲಿ ಹಿಡಿದು ನಿಂತಿದ್ದ ನಮ್ಮವರು ನನ್ನ ಕಡೆ ನೋಡಿ ಬೆಲ್ಟು ಕಟ್ಟಿಕೊಂಡರು. ನಮ್ಮ ಪ್ರವಾಸ ಆ ಒಂದು ಮಾತಿಗಾಗಿಯೇ ಹೊರಟದ್ದು.

ಹೇಳಿಬಿಡುತ್ತೇನೆ. ನಾವು ಧಾರವಾಡದ ಕಡೆಯವರು. ನಮ್ಮವರು ರೈಲ್ವೆಯ ಸಿಗ್ನಲ್ ಖಾತೆಯಲ್ಲಿದ್ದರು. ವರ್ಗವಾಗಿ ನಾಗಪುರಕ್ಕೆ ಬಂದವರು ಇಲ್ಲಿಯೇ ನಿವೃತ್ತರಾದರು, ಪ್ರತಾಪ ನಗರದಲ್ಲಿ ಒಂದು ಫ್ಲ್ಯಾಟು ಕೊಂಡು, ಕಿತ್ತಳೆ ತಿನ್ನುತ್ತ ಉಳಿದೆವು. ಬೆಳಗಿನ ರಿಯಾಜು, ಅಂದರೆ ಹಾಡಿನ ಸಾಧನೆ, ನನಗೆ ಹಲ್ಲುಜ್ಜಿದ ಹಾಗೆ, ಮಾಡದಿದ್ದರೆ ದಿನ ಸುರುವಾಗುತ್ತಿರಲಿಲ್ಲ. ಕೆಳಗಿನ ಮನೆಯಲ್ಲಿ ಸುಲಭಾತಾಯಿ, ಅವರ ಯಜಮಾನರು. ಯಜಮಾನರನ್ನು ಇಡೀ ಬಿಲ್ಡಿಂಗು ನಾನಾ ಎನ್ನುತ್ತದೆ. ಆ ನಾನಾಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ತಂದ ಮರುದಿನ ಸುಲಭಾತಾಯಿ ಮೇಲೆ ಬಂದು, ನನ್ನ ಎರಡೂ ಕೈ ಹಿಡಿದುಕೊಂಡು, "ಥೋಡೇ ದಿವಸ ಫಕ್ತ, ವಹಿನಿ. ಯಾಂನಾ ಬರಂ ವಾಟೇಪರ್ಯಂತ," ಅಂದರು. ಸ್ವಲ್ಪ ದಿನ ಮಾತ್ರ, ಇವರಿಗೆ ವಾಸಿಯಾಗುವವರೆಗೆ. ಡಾಕ್ಟರು ನಿದ್ದೆ ಬೇಕು ಅಂದಿದ್ದರು. ನಾನು ಆ ಕ್ಷಣವೇ ತಂಬೂರಿಯನ್ನು ಕಪಾಟಿಗೆ ಸೇರಿಸಿದೆ. ಯಾರು ಸೇರಿಸುತ್ತಿರಲಿಲ್ಲ?

ಆಮೇಲೆ ನಾನಾ ಗೋಡೆ ಹಿಡಿದು ನಡೆಯತೊಡಗಿದರು. ಆದರೆ ವಾಸಿಯಾಯಿತು ಎಂದು ಯಾವ ದಿನ ಹೇಳುವುದು? "ನಿಮ್ಮ ಯಜಮಾನರು ನನ್ನ ಹಾಡು ತಡಕೊಳ್ಳುವಷ್ಟು ಗಟ್ಟಿಯಾದರೇನು?" ಎಂದು ಹೋಗಿ ಕೇಳುವ ಬಾಯಿ ನನಗಿರಲಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ಮಳೆಗಾಲ ಹೋಯಿತು, ಇನ್ನೊಂದೂ ಬಂತು. ಒಂದು ದಿನ ಅಡಿಗೆಮನೆಯಲ್ಲಿ, ಕುಕ್ಕರಿನ ಸೀಟಿಯ ಮರೆಯಲ್ಲಿ ಕದ್ದು ಒಂದು ಸಾ ಹಚ್ಚಿದೆ. ಎಣ್ಣೆ ಕಾಣದ ಬಾಗಿಲಿನ ಸದ್ದು ಬಂತು. ಅಲ್ಲಿಯೇ ಕುಳಿತು ಅತ್ತೆ. ದನಿ ನನ್ನನ್ನು ಬಿಟ್ಟು ಹೋಗುತ್ತಿದೆ ಎಂಬ ಹೆದರಿಕೆ ನನಗೆ ಮೊದಲ ಸಲ ಹುಟ್ಟಿದ್ದು ಆವತ್ತು.

ನಮ್ಮವರಿಗೆ ಸ್ವರ ಯಾವುದು ಸೀಟಿ ಯಾವುದು ತಿಳಿಯದು. ಆದರೆ ಸಂಗೀತದ ಸಾಮಾನೆಂದರೆ ಪ್ರಾಣ. ಯಾವ ಊರಿನಲ್ಲಿ ಯಾವ ಹೊಸ ಡಬ್ಬಿ ಹುಟ್ಟಿದರೂ ಇವರ ಫೋನಿಗೆ ಮೊದಲು ಗೊತ್ತಾಗುತ್ತದೆ. ಅಂಥ ಒಂದು ಸಂಜೆ ನನ್ನ ಮೂಗಿನ ಕೆಳಗೆ ಫೋನು ಹಿಡಿದರು. ಒಬ್ಬ ಜಪಾನಿ ಹೆಂಗಸು ಬಾಯಿಗೆ ಬಟ್ಟಲಿನಂಥದ್ದನ್ನು ಒತ್ತಿಕೊಂಡು, ಕಣ್ಣು ಮುಚ್ಚಿ, ಕುತ್ತಿಗೆಯ ನರ ಉಬ್ಬಿಸಿ ಹಾಡುತ್ತಿದ್ದಳು. ಸದ್ದೇ ಇಲ್ಲ. ಪಕ್ಕದಲ್ಲಿ ಮಗು ಮಲಗಿತ್ತು.

"ನೋಡ, ಇದು ಹಾಡೋ ಬಟ್ಲಾ. ದನಿ ಹೊರಗ ಬರಂಗಿಲ್ಲ, ಕಿವಿಯೊಳಗಿನ ನಳಿಗಿಯಿಂದ ನಿನಗಷ್ಟ ಕೇಳತೈತಿ. ನಾನಾಗೂ ನಿದ್ದಿ, ನಿನಗೂ ರಿಯಾಜು. ಮುಗ್ಧಾ ಬಾ ಬಾ ಅಂತಾಳ, ಹೋಗೇ ಬಿಡೂಣು."

ಮುಗ್ಧಾ ನನ್ನ ತಂಗಿಯ ಮಗಳು. ನಾಗಪುರದ ಪಕ್ಕದ ಕಾಮಠಿಯಲ್ಲಿ ಬೆಳೆದವಳು, ಈಗ ಟೋಕಿಯೊದಲ್ಲಿ ಲೋಹಗಳ ಮೇಲೆ ಸಂಶೋಧನೆ ಮಾಡುತ್ತಾಳೆ. ಜನ ಜಪಾನಿಗೆ ಹೂ ನೋಡಲು ಹೋಗುತ್ತಾರೆ, ಬೆಟ್ಟ ನೋಡಲು ಹೋಗುತ್ತಾರೆ. ನಾವು ಬಟ್ಟಲು ತರಲು ಹೋದೆವು.

ಟೋಕಿಯೊ, ಮುಗ್ಧಾಳ ಮನೆ

"ಮಾವಶಿ, ಇಲ್ಲಿ ಟ್ರೇನ್‌ನ್ಯಾಗ ಜೋರ್ ಮಾತಾಡಬ್ಯಾಡ್ರಿ. ಫೋನ್ ತೋ ಬಿಲ್ಕುಲ್ ನಹೀ," ಎಂದು ಮುಗ್ಧಾ ನಮ್ಮನ್ನು ಅಪ್ಪಿಕೊಳ್ಳುವ ಮೊದಲೇ ಎಚ್ಚರಿಸಿದಳು. ಅವಳ ಕನ್ನಡ ಕಾಮಠಿಯಿಂದ ಹೊರಟು ಮರಾಠಿ, ಹಿಂದಿ ಎಲ್ಲ ಸ್ಟೇಶನ್ನಿನಲ್ಲೂ ನಿಂತು ಬರುತ್ತದೆ. ಕನ್ನಡದ ಬೋರ್ಡು ಓದು ಅಂದರೆ ಅಕ್ಷರ ಅಕ್ಷರ ಕೂಡಿಸುತ್ತಾಳೆ. ಆದರೆ ನಗು ಮಾತ್ರ ನಮ್ಮ ತಂಗಿಯದೇ.

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಆದರೂ ಕೆಮ್ಮು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನಮ್ಮ ಕಡೆ ರೈಲು ಹತ್ತಿ ಮುಂದಿನ ಸ್ಟೇಶನ್ನು ಬರುವುದರೊಳಗೆ ಎದುರಿಗಿನವರ ಮಗಳ ಮದುವೆ, ಅಳಿಯನ ಸಂಬಳ, ಮೂತ್ರಪಿಂಡದ ಕಲ್ಲು ಎಲ್ಲ ಗೊತ್ತಾಗಿರುತ್ತದೆ. ಇಲ್ಲಿ ನನ್ನ ಬಳೆಯ ಸದ್ದಿಗೆ ನಾನೇ ನಾಚಿ ಕೈ ಹಿಡಿದುಕೊಂಡು ನಿಂತೆ.

ನಮ್ಮವರಿಗೆ ಮಾತ್ರ ಮೊದಲ ದಿನವೇ ಸ್ವರ್ಗ ಸಿಕ್ಕಿತು. ಅಲ್ಲಿ ರೈಲು ಹೊರಡುವ ಮುನ್ನ ಪ್ಲಾಟ್‌ಫಾರ್ಮಿನಲ್ಲಿ ಒಂದು ಪುಟ್ಟ ರಾಗ ಬಾರಿಸುತ್ತಾರೆ, ಎಷ್ಟೋ ಸ್ಟೇಶನ್ನುಗಳಿಗೆ ತಮ್ಮದೇ ಆದ ಬೇರೆ ರಾಗ. ಜೀವಮಾನವೆಲ್ಲ ಸಿಗ್ನಲ್ಲಿನ ಕೆಂಪು ಹಸಿರು ನೋಡಿದವರು ಕಂಬಕ್ಕೆ ಕಿವಿ ಕೊಟ್ಟು ನಿಂತುಬಿಟ್ಟರು. "ನಮ್ಮಲ್ಲಿ ಗಂಟಿ ಹೊಡದು ಹೊಡದು ಸತ್ವಿ. ಹಿಂಗ ಮಾಡಿದ್ರ ಯಾ ಪ್ಯಾಸೆಂಜರ್ ಬೈತಿದ್ದ?" ಎಂದು ಒಂದು ರೈಲನ್ನು ಬೇಕೆಂದೇ ಬಿಟ್ಟು, ಮುಂದಿನದರ ರಾಗ ಕೇಳಿ ಹತ್ತಿದರು.

ಮುಗ್ಧಾಳ ಮನೆಯಲ್ಲಿ ಗೋಡೆ ತೆಳು. ಪಕ್ಕದ ಮನೆಯವರು ಪುಟ ತಿರುಗಿಸಿದರೂ ಕೇಳೀತು ಎಂದಳು. ಆಗ ನನಗೆ ಆ ಬಟ್ಟಲಿನ ಮರ್ಮ ಹೊಳೆಯಿತು. ಪಕ್ಕದವರಿಗೆ ತೊಂದರೆಯಾಗಬಾರದು ಎಂದು ಇಷ್ಟು ಮೆಲ್ಲಗೆ ಬದುಕುವ ಜನರಿಗೆ ಗಂಟಲು ಬಿಚ್ಚುವ ಆಸೆ ಇರುವುದಿಲ್ಲವೇ? ಆ ಆಸೆಯೇ ಇವರ ಕೈಯಲ್ಲಿ ನೂರೆಂಟು ಸಾಮಾನು ಮಾಡಿಸಿದೆ. ಸುಲಭಾತಾಯಿಗಾಗಿ ಬಾಯಿ ಮುಚ್ಚಿಕೊಂಡ ನನಗೆ ಈ ಜನ ತೀರ ಹತ್ತಿರದವರೆನಿಸಿದರು.

ಓಚಾನೊಮಿಝು

ಇದು ಟೋಕಿಯೊದ ವಾದ್ಯಗಳ ಬೀದಿ. ನಾಗಪುರದ ಸೀತಾಬರ್ಡಿ ಪೇಟೆಯಲ್ಲಿ ಸೀರೆ ಅಂಗಡಿಗಳು ಹೇಗೆ ಒಂದರ ಭುಜಕ್ಕೆ ಒಂದು ತಾಗಿ ನಿಂತಿವೆಯೋ ಹಾಗೆ ಇಲ್ಲಿ ಗಿಟಾರುಗಳ ಅಂಗಡಿ. ವ್ಯತ್ಯಾಸವೆಂದರೆ ಯಾರೂ ರಸ್ತೆಗೆ ಬಂದು "ಯಾ ತಾಯಿ, ಯಾ" ಎಂದು ಕರೆಯುವುದಿಲ್ಲ. ಒಳಗೆ ಹೋದರೆ ಬಗ್ಗಿ ನಮಸ್ಕಾರ ಮಾಡಿ, ನಮ್ಮನ್ನು ನಮ್ಮ ಪಾಡಿಗೆ ಬಿಡುತ್ತಾರೆ. ಚೌಕಾಸಿ ಮಾಡಿ ಬೆಳೆದ ನನಗೆ ಆ ಮರ್ಯಾದೆಯಿಂದ ಸ್ವಲ್ಪ ಇರಿಸುಮುರಿಸೇ ಆಯಿತು.

ವಾದ್ಯಕ್ಕಿಂತ ವಾದ್ಯದ ಸುತ್ತಲಿನ ಸಾಮಾನು ನೋಡಬೇಕು. ಹಳೆಯ ಪ್ಲಾಸ್ಟಿಕ್ ಕಾರ್ಡು ತೂರಿಸಿ ಒತ್ತಿದರೆ ಗಿಟಾರು ಮೀಟುವ ಚೂರನ್ನು ಕತ್ತರಿಸಿ ಕೊಡುವ ಇಕ್ಕಳ. ತಾಳಕ್ಕೆ ತಕ್ಕಂತೆ ಬಾಲ ಆಡಿಸುವ ಬೆಕ್ಕು. ಪಿಯಾನೊದ ಮುಂದಿನ ಕುರ್ಚಿಯ ಕಾಲಿಗೆ ಹಾಕುವ ಉಣ್ಣೆಯ ಕಾಲುಚೀಲ. ಗ್ರಾಮಫೋನ್ ತಟ್ಟೆಯನ್ನು ಮೇಜಿನ ಮೇಲೆ ಸುಮ್ಮನೆ ಇಟ್ಟು ಅದರ ಮೇಲೊಂದು ಆಟಿಕೆಯ ವ್ಯಾನು ಬಿಟ್ಟರೆ, ವ್ಯಾನು ಗಿರಗಿರ ಸುತ್ತುತ್ತ ತನ್ನ ಹೊಟ್ಟೆಯ ಸೂಜಿಯಿಂದ ಹಾಡು ನುಡಿಸುತ್ತದೆ. ತಟ್ಟೆ ನಿಂತಿದೆ, ಪೆಟ್ಟಿಗೆಯೇ ಓಡುತ್ತಿದೆ. ನಮ್ಮವರು ಮಂಡಿಯೂರಿ ಮೇಜಿನ ಮಟ್ಟಕ್ಕೆ ಕಣ್ಣು ತಂದು ಅದನ್ನು ನೋಡಿದರು. "ಗಾಡಿ ಓಡಿದ್ರ ಹಾಡು, ನಿಂತ್ರ ಇಲ್ಲ. ಇದು ನಮ್ಮ ಖಾತೇದ್ದ," ಎಂದು ನಿರ್ಧಾರ ಕೊಟ್ಟರು.

ಸ್ವರದ ಚಿಹ್ನೆಯ ಆಕಾರದ ಇನ್ನೊಂದು ಆಟಿಕೆ ಇತ್ತು. ಅದಕ್ಕೆ ಕಣ್ಣು, ಬಾಯಿ ಎಲ್ಲ ಇವೆ. ಬಾಲದ ಮೇಲೆ ಬೆರಳಾಡಿಸಿ ಕೆನ್ನೆ ಹಿಂಡಿದರೆ ಹಾಡುತ್ತದೆ. ನಮ್ಮವರು ಹಿಂಡಿದರು. ಬಾವಿಗೆ ಬಿದ್ದ ಬೆಕ್ಕಿನ ಹಾಗೆ ಅದು ಕಿರುಚಿತು. ಅಂಗಡಿಯವರು ಚಪ್ಪಾಳೆ ತಟ್ಟಿದರು. ಮದುವೆಯಾದಾಗಿನಿಂದ ಇವರ ಸಂಗೀತಕ್ಕೆ ಸಿಕ್ಕ ಮೊದಲ ಚಪ್ಪಾಳೆ ಅದು, ಆದ್ದರಿಂದ ಕೊಳ್ಳಲೇಬೇಕಾಯಿತು.

ನಾನೂ ಮುಗ್ಧಾಳೂ ಬೆಕ್ಕುಗಳ ಹತ್ತಿರ ನಿಂತಿದ್ದಾಗ ಇವರು ಕಾಣೆಯಾದರು. ಹುಡುಕಿದರೆ ಮೂಲೆಯಲ್ಲಿ, ಗಿರಾಕಿಗಳು ಪರೀಕ್ಷಿಸಲೆಂದು ಇಟ್ಟ ಒಂದು ಮಂಚ. ಅದರ ಮೇಲೆ ಒಳಗಿನಿಂದಲೇ ಹಾಡು ಹೇಳುವ ದಿಂಬು. ದಿಂಬಿನ ಮೇಲೆ ನಮ್ಮವರು. ಗಾಢ ನಿದ್ರೆ, ಬಾಯಿ ತುಸು ತೆರೆದಿದೆ. ಅಂಗಡಿಯ ಹೆಣ್ಣುಮಗಳೊಬ್ಬಳು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದಳು. ಅವಳ ಹಿಂದೆ ಇನ್ನಿಬ್ಬರು ಗಿರಾಕಿಗಳು ದಿಂಬು ಪರೀಕ್ಷಿಸಲು ಸರದಿ ಕಾಯುತ್ತಿದ್ದರು. ಎಬ್ಬಿಸಬಾರದೇ ಎಂದು ಮುಗ್ಧಾ ಕೇಳಿದ್ದಕ್ಕೆ, "ದಿಂಬು ಅವರಿಗೆ ಹಿಡಿಸಿದ ಹಾಗಿದೆ," ಎಂದು ಆಕೆ ಪಿಸುಮಾತಿನಲ್ಲಿ ಹೇಳಿದಳಂತೆ. ನಾನು ಹೋಗಿ ಕಾಲು ಜಗ್ಗಿ ಎಬ್ಬಿಸಿದೆ. ಕಾಯುತ್ತಿದ್ದವರು ಎದ್ದವರಿಗೆ ಬಗ್ಗಿ ನಮಸ್ಕರಿಸಿದರು. ಇವರೂ ಬಗ್ಗಿದರು. ಯಾರಿಗೆ ಯಾರು ಯಾಕೆ ಬಗ್ಗಿದರೆಂದು ನನಗೆ ಇವತ್ತಿಗೂ ಗೊತ್ತಿಲ್ಲ, ಆದರೆ ಆ ಸೌಜನ್ಯಕ್ಕೆ ಋಣಿ.

ಶಿಂಜುಕು, ಬಟ್ಟಲಿನ ಅಂಗಡಿ

ಬಟ್ಟಲು ಸಿಕ್ಕಿದ್ದು ಮರುದಿನ, ಬಹುಮಹಡಿ ಅಂಗಡಿಯೊಂದರಲ್ಲಿ. ಶ್ರುತಿಗೆ ಸರಿಯಾಗಿ ಹಾಡಿ ನೋಡಬೇಕೆಂದು ನಾನು ತಂಬೂರಿಯನ್ನು ಕೈಚೀಲದಲ್ಲಿ ತಂದಿದ್ದೆ. ಯಾರಿಗಾದರೂ ಕೊಡಲು ಆಗುತ್ತದೆಂದು ಸಂತ್ರಾ ಬರ್ಫಿಯ ಒಂದು ಡಬ್ಬಿಯೂ ಅದರಲ್ಲಿತ್ತು. ನಾಗಪುರದವರು ಕಿತ್ತಳೆಯ ಬರ್ಫಿ ಇಲ್ಲದೆ ಪಕ್ಕದ ಬೀದಿಗೂ ಹೋಗುವುದಿಲ್ಲ.

ಅಂಗಡಿಯಾಕೆ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಮೆತ್ತನೆಯ ರಬ್ಬರಿನ ಅಂಚು, ಒಳಗೆ ಸ್ಪಂಜು, ಕಿವಿಗೆ ಸಿಕ್ಕಿಸಿಕೊಳ್ಳುವ ನಳಿಗೆ. ಬಾಯಿಯ ತನಕ ತಂದವಳು ತಡೆದೆ. ಪರೀಕ್ಷೆಗೆಂದು ಇಟ್ಟ ಬಟ್ಟಲು. ಇದಕ್ಕೆ ಎಷ್ಟು ಜನ ಬಾಯಿ ಹಚ್ಚಿದ್ದಾರೋ!

"ಮುಗ್ಧಾ, ಇದು ಎಂಜಲಲ್ಲೇನ?"

"ಮಾವಶಿ, ಔಷಧ ಹಚ್ಚಿ ಪೂಸ್ಯಾರ, ನೋಡ್ರಿ."

"ಒರಸಿದ್ರ ಹೊಲಸು ಹೋಗತೈತಿ. ಎಂಜಲ ಹ್ಯಾಂಗ ಹೋಗತೈತಿ?"

ಇದನ್ನು ಜಪಾನಿಗೆ ತರ್ಜುಮೆ ಮಾಡುವುದು ಮುಗ್ಧಾಳಿಂದ ಆಗಲಿಲ್ಲ. ಅವಳು ಏನೋ ಹೇಳಿದಳು. ಆಕೆ ನನ್ನ ಮುಖ ನೋಡಿ, ಒಳಗೆ ಹೋಗಿ, ಯಾರೂ ಮುಟ್ಟದ ಹೊಸ ಬಟ್ಟಲನ್ನು ಪೊಟ್ಟಣ ಒಡೆದು ತಂದಳು. ಕೊಳ್ಳದಿದ್ದರೂ ನಡೆಯುತ್ತದೆ, ನೋಡಿ ಎಂದಳಂತೆ. ಜಗತ್ತಿನ ಎಲ್ಲ ಮಡಿವಂತರ ಪರವಾಗಿ ನಾನು ಅವಳಿಗೆ ಕೈ ಮುಗಿದೆ.

ತಂಬೂರಿ ಹಚ್ಚಿದೆ, ಬಟ್ಟಲನ್ನು ಬಾಯಿಗೆ ಒತ್ತಿಕೊಂಡು ಸಾ ಹಿಡಿದೆ. ಹೇಗೆ ಹೇಳಲಿ? ಎಷ್ಟು ದಿನದ ಮೇಲೆ ನನ್ನ ದನಿ ನನ್ನ ಕಿವಿಯೊಳಗೆ ಬಂದು ಕುಳಿತಿತು. ಒರಟಾಗಿತ್ತು, ನಿಜ, ಆದರೆ ಸತ್ತಿರಲಿಲ್ಲ. ಮಾರುದೂರದಲ್ಲಿ ನಿಂತಿದ್ದ ನಮ್ಮವರು "ಏನೂ ಕೇಳವೊಲ್ದು, ಗುಂಗಾಡ ಗುಂಯ್ ಅಂದಂಗ ಆಗತೈತಿ ಅಷ್ಟ," ಎಂದು ಕುಣಿದರು. ನನ್ನ ಕಣ್ಣಲ್ಲಿ ನೀರು ಬಂತು.

ಮುಂದೆ ಬಾಯಿ ತೆರೆದು ‘ಆ’ ಎಂದು ಆಕಾರ ಹಚ್ಚಿ ಮೇಲೇರಬೇಕೆಂದಾಗ ತೊಡಕು ಬಂತು. ನಮ್ಮ ಹಾಡು ದವಡೆ ಬಿಚ್ಚಿ ಹಾಡುವಂಥದ್ದು. ಬಟ್ಟಲಿನೊಳಗೆ ಬಾಯಿಗೆ ಅಷ್ಟು ಜಾಗವಿಲ್ಲ. ಪಂಚಮಕ್ಕೆ ಹೋಗುವಷ್ಟರಲ್ಲಿ ಒಂದು ಅಂಚು ಕಳಚಿ ದನಿ ಬುಸ್ ಎಂದು ಹೊರಬಿತ್ತು. ಅಂಗಡಿಯಾಕೆ ಕನ್ನಡಿ ಹಿಡಿದು, ಹೀಗೆ ಒತ್ತಿ, ಹಾಗೆ ಒತ್ತಿ ಎಂದು ತಾಳ್ಮೆಯಿಂದ ತೋರಿಸಿದಳು. ಮೆಲ್ಲಗೆ ಹಾಡಿದರೆ ನಡೆಯುತ್ತದೆ. ಇಷ್ಟಾದರೂ ಸಾಕು ಅಂದುಕೊಂಡೆ. ಇಲ್ಲದ ಊಟಕ್ಕಿಂತ ಅರೆಹೊಟ್ಟೆ ವಾಸಿ. ಬಟ್ಟಲು ಕೊಂಡೆವು.

ಕೋಎಂಜಿ, ಮಾತಾಡಬಾರದ ಕಾಫಿ ಅಂಗಡಿ

ಬಟ್ಟಲು ಕೊಂಡ ಸಂಭ್ರಮಕ್ಕೆ ಮುಗ್ಧಾ ಅದೇ ಮಧ್ಯಾಹ್ನ ನಮ್ಮನ್ನು ಒಂದು ಕಾಫಿ ಅಂಗಡಿಗೆ ಕರೆದೊಯ್ದಳು. ಕಾಫಿ ಅಲ್ಲಿ ನೆಪ. ಗೋಡೆ ತುಂಬ ಗ್ರಾಮಫೋನ್ ತಟ್ಟೆಗಳು, ಕಪಾಟಿನಷ್ಟು ದೊಡ್ಡ ಸ್ಪೀಕರುಗಳು. ಜನ ಬಂದು ಸುಮ್ಮನೆ ಕುಳಿತು ಕೇಳುತ್ತಾರೆ. ಮಾತಾಡಬಾರದು. ಏನು ಬೇಕೋ ಅದನ್ನು ಬೆರಳಿಟ್ಟು ತೋರಿಸಬೇಕು. ಮಾಲೀಕರು ನಮ್ಮ ವಯಸ್ಸಿನವರು, ಏಪ್ರನ್ ಕಟ್ಟಿದ್ದರು. ಒಂದು ಪುಟ್ಟ ಬ್ರಷ್ಷಿನಿಂದ ತಟ್ಟೆಯ ಧೂಳು ತೆಗೆದು, ಉಸಿರು ಬಿಗಿಹಿಡಿದು ಮುಳ್ಳು ಇಳಿಸುತ್ತಿದ್ದರು. ದೇವರಿಗೆ ಗಂಧ ಹಚ್ಚುವಾಗ ನಮ್ಮ ತಂದೆಯವರ ಕೈ ಹಾಗೆಯೇ ಇರುತ್ತಿತ್ತು.

ಪಿಯಾನೊ ನಡೆದಿತ್ತು. ಎಲೆಯ ಮೇಲಿನ ನೀರು ಒಂದೊಂದೇ ಹನಿ ಬಿದ್ದಂತೆ, ನಡುವೆ ದೀರ್ಘ ಮೌನ. ನನಗೆ ಮತ್ತೆ ಕಣ್ಣು ಒದ್ದೆಯಾಗಿ, ಕರವಸ್ತ್ರಕ್ಕೆಂದು ಕೈಚೀಲದೊಳಗೆ ಕೈ ಹಾಕಿದೆ. ಬೆರಳು ಯಾವುದಕ್ಕೆ ತಗುಲಿತೋ. ಚೀಲದೊಳಗಿನಿಂದ ತಂಬೂರಿ ಸುರುವಾಯಿತು.

ಪ, ಸಾ, ಸಾ, ಸಾ.

ಭೂಮಿ ಬಾಯಿ ಬಿಟ್ಟರೆ ಸೀತೆಯ ಹಾಗೆ ಹೋಗಿಬಿಡುತ್ತಿದ್ದೆ. ಒಳಗೆ ಬಟ್ಟಲಿನ ಡಬ್ಬಿ, ಬರ್ಫಿಯ ಡಬ್ಬಿ, ಛತ್ರಿ, ಶಾಲು. ಗುಂಡಿ ಸಿಗಲೊಲ್ಲದು. ಸಿಕ್ಕ ಗುಂಡಿ ತಿರುಗಿಸಿದರೆ ಸದ್ದು ಇನ್ನೂ ಜೋರಾಯಿತು. ನಮ್ಮವರು ಮೇಜಿನ ಕೆಳಗೆ ನೋಡತೊಡಗಿದರು, ತಮಗೂ ನನಗೂ ಸಂಬಂಧವೇ ಇಲ್ಲವೆಂಬಂತೆ. ಮಾಲೀಕರು ನಡೆದು ಹೋಗಿ ಮುಳ್ಳು ಎತ್ತಿದರು. ಪಿಯಾನೊ ನಿಂತಿತು. ಇನ್ನು ಹೊರಗೆ ಕಳಿಸುತ್ತಾರೆ ಎಂದು ನಾನು ಎದ್ದು ನಿಂತೆ.

ಅವರು ನನ್ನ ಚೀಲದ ಕಡೆ ನೋಡಿ, ಕೌಂಟರಿನ ಕಡೆ ಕೈ ತೋರಿಸಿದರು. ಇಲ್ಲಿ ಇಡಿ ಎಂದು. ಪೆಟ್ಟಿಗೆಯನ್ನು ತೆಗೆದು ಆ ಮರದ ಕೌಂಟರಿನ ಮೇಲಿಟ್ಟೆ. ಅವರು ಎರಡೂ ಕೈಯೂರಿ ಬಗ್ಗಿ ಕೇಳಿದರು. ಕೌಂಟರಿನ ಮೇಲಿದ್ದ ಚಮಚೆಗಳು ಸಾಸರಿನಲ್ಲಿ ಸಣ್ಣಗೆ ಕಿಣಿಕಿಣಿ ಅನ್ನತೊಡಗಿದವು. ಅವರು ಆ ಚಮಚೆಗಳನ್ನೊಮ್ಮೆ, ಪೆಟ್ಟಿಗೆಯ ತಳವನ್ನೊಮ್ಮೆ ನೋಡಿ, ಚಮಚೆಗಳನ್ನು ತೆಗೆದು ಪಕ್ಕಕ್ಕಿಟ್ಟರು. ಅಂಗಡಿಯಲ್ಲಿದ್ದವರು ಯಾರೂ ಅಲುಗಲಿಲ್ಲ. ಎಲ್ಲರೂ ಆ ಪಿಯಾನೊ ಕೇಳುತ್ತಿದ್ದ ಭಕ್ತಿಯಿಂದಲೇ ನನ್ನ ತಂಬೂರಿ ಕೇಳಿದರು. ಹುಟ್ಟಿದಾಗಿನಿಂದ ತಂಬೂರಿಯ ಜೊತೆ ಬದುಕಿದ ನಾನು ಬರೀ ತಂಬೂರಿಯನ್ನು ಅಷ್ಟು ಹೊತ್ತು ಕೇಳಿರಲಿಲ್ಲ.

ಕಿಟಕಿಯ ಹತ್ತಿರ ಟೋಪಿ ಹಾಕಿಕೊಂಡು ಕುಳಿತಿದ್ದ ಹಿರಿಯರೊಬ್ಬರು ಮುಗ್ಧಾಳ ಕಡೆ ವಾಲಿ, ಅಲ್ಲಿನ ಕಟ್ಟಳೆ ಮುರಿದು, ಮೆಲ್ಲಗೆ ಏನೋ ಕೇಳಿದರು. ಮುಗ್ಧಾ ನನ್ನ ಕಿವಿಯಲ್ಲಿ ಹೇಳಿದಳು.

"ಮಾವಶಿ, ಹಾಡು ಯಾವಾಗ ಸುರು ಆಗತೈತಿ ಅಂತ ಕೇಳಾಕತ್ತಾರ."

"ಇದು ಬರೇ ಬುನಾದಿ, ಮನಿ ಇನ್ನೂ ಕಟ್ಟಿಲ್ಲ ಅಂತ ಹೇಳ."

ಅವಳು ಹೇಳಿದಳು. ಅವರು ತಲೆಯಾಡಿಸಿ, ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಹಂಗಾರ ಕಾಯತೀನಿ ಅಂತಾರ," ಅಂದಳು ಮುಗ್ಧಾ.

ಹಾಡಬಹುದಿತ್ತು. ಕೇಳುವವರು ಕಾದು ಕುಳಿತಿದ್ದರು, ಶ್ರುತಿ ನಡೆದಿತ್ತು, ಕೆಳಗಿನ ಮನೆಯಲ್ಲಿ ಯಾರೂ ಮಲಗಿರಲಿಲ್ಲ. ಬಾಯಿ ತೆರೆದೆ. ಮತ್ತೆ ಮುಚ್ಚಿದೆ. ಅಪರಿಚಿತರ ಮುಂದೆ ಎಣ್ಣೆ ಕಾಣದ ಆ ಬಾಗಿಲಿನ ಸದ್ದು ಬಂದರೆ? ನಾನು ಗುಂಡಿ ತಿರುಗಿಸಿ ತಂಬೂರಿ ನಿಲ್ಲಿಸಿದೆ. ಆ ಹಿರಿಯರು ಎದ್ದು ನಿಂತು, ಕಾಯಿಸಿದ್ದಕ್ಕೆ ನಾನು ಬೈಸಿಕೊಳ್ಳಬೇಕಾದಲ್ಲಿ, ತಾವೇ ಬಗ್ಗಿ ನನಗೆ ನಮಸ್ಕಾರ ಮಾಡಿದರು. ನನಗೆ ಅದಕ್ಕಿಂತ ದೊಡ್ಡ ನಾಚಿಕೆಯೂ ಇಲ್ಲ, ಅದಕ್ಕಿಂತ ದೊಡ್ಡ ಮರ್ಯಾದೆಯೂ ಇಲ್ಲ.

ತಪ್ಪಿಗೆ ಪ್ರಾಯಶ್ಚಿತ್ತವೆಂದು ಬರ್ಫಿಯ ಡಬ್ಬಿಯನ್ನು ಮಾಲೀಕರಿಗೆ ಕೊಟ್ಟೆ. ಮುಗ್ಧಾ ಹೊರಗೆ ಫೋನಿನಲ್ಲಿದ್ದಳು. ಅವರು ಒಳಗೆ ಹೋಗಿ, ಕಾಗದದಲ್ಲಿ ಅಚ್ಚುಕಟ್ಟಾಗಿ ಸುತ್ತಿದ ಒಂದು ಪುಟ್ಟ ಪೊಟ್ಟಣ ತಂದು ನನ್ನ ಕೈಯಲ್ಲಿಟ್ಟರು. ಜಪಾನಿಯಲ್ಲಿ ಏನೋ ಹೇಳಿ, ಅಂಗೈಯನ್ನು ಕೆಳಮುಖ ಮಾಡಿ ಮೆಲ್ಲಗೆ ಒತ್ತಿ ತೋರಿಸಿದರು. ಶಾಂತವಾಗಿರಿ ಎಂದು ಹರಸುತ್ತಿದ್ದಾರೆ ಅಂದುಕೊಂಡೆ. ನಾನೂ ಕೈ ಮುಗಿದೆ.

ಮತ್ತೆ ಪ್ರತಾಪ ನಗರ

ಊರಿಗೆ ಬಂದು ಪೊಟ್ಟಣ ಬಿಚ್ಚಿದೆ. ಒಳಗೆ ನಾಲ್ಕು ದುಂಡನೆಯ ಪುಟ್ಟ ಮರದ ಬಿಲ್ಲೆಗಳು. ಕೆಳಗೆ ದಪ್ಪ ರಬ್ಬರು, ಮೇಲೆ ಮೆತ್ತನೆಯ ಉಣ್ಣೆಯ ಬಟ್ಟೆ. ನಯವೆಂದರೆ ನಯ. ಹಿರಿಯರು ಕೊಟ್ಟದ್ದು, ಎಲ್ಲೆಂದರಲ್ಲಿ ಇಡಬಾರದು. ದೇವರ ಮನೆಯಲ್ಲಿ ಹಿತ್ತಾಳೆಯ ದೀಪದ ತಟ್ಟೆ ಅಲುಗಾಡುತ್ತಿತ್ತು. ನಾಲ್ಕನ್ನೂ ಅದರ ಕೆಳಗಿಟ್ಟೆ. ಹೇಳಿ ಮಾಡಿಸಿದಂತೆ ಕೂತವು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ಹಾಲಿನಲ್ಲಿ ಚಾಪೆ ಹಾಸಿ, ತಂಬೂರಿಯನ್ನು ಎಂದಿನಂತೆ ನೆಲದ ಮೇಲೆ ಗೋಡೆಗೆ ತಾಗಿಸಿಟ್ಟು, ಬಟ್ಟಲನ್ನು ಬಾಯಿಗೆ ಒತ್ತಿಕೊಂಡು ಕುಳಿತೆ. ತಂಬೂರಿಯ ಸದ್ದನ್ನು ಆದಷ್ಟು ಸಣ್ಣ ಮಾಡಿದ್ದೆ. ತಂಬೂರಿ ಇಲ್ಲದೆ ಬಾಯಿ ತೆರೆಯುವುದು ನಮಗೆ ಕಲಿಸಿದವರು ಕಲಿಸಿಲ್ಲ. ಮೆಲ್ಲಗೆ, ದವಡೆ ಬಿಗಿಹಿಡಿದು, ಒಂದು ವಾರ ಹಾಡಿದೆ. ಹಾಡಿದೆ ಎನ್ನುವುದಕ್ಕಿಂತ ಹಾಡನ್ನು ಜಗಿದೆ ಅನ್ನಬೇಕು. ಆದರೂ ದೂರಲಿಲ್ಲ. ಒಣಗಿದ ಗಿಡಕ್ಕೆ ಚಮಚೆಯಲ್ಲಿ ಹಾಕಿದರೂ ನೀರು ನೀರೇ.

ಆಮೇಲೊಂದು ಬೆಳಿಗ್ಗೆ, ರಿಯಾಜು ಮುಗಿಸಿ ಬಟ್ಟಲು ತೊಳೆಯುತ್ತಿದ್ದಾಗ ಬಾಗಿಲಿನ ಗಂಟೆ ಬಡಿಯಿತು. ಸುಲಭಾತಾಯಿ. ಕೈಯಲ್ಲಿ, ಮರಳಿಸಲು ತಂದ, ನಾನು ಕೊಟ್ಟಿದ್ದ ಜಪಾನಿ ಚಹದ ಡಬ್ಬಿ ಇರಬಹುದೆಂದು ನೋಡಿದೆ, ಖಾಲಿ ಕೈ. ಮುಖ ಸಣ್ಣದಾಗಿತ್ತು. ಬಟ್ಟಲಿನಿಂದಲೂ ದನಿ ಸೋರಿತೇ?

"ವಹಿನಿ, ರಾಗ ಆಲಾಯ ಕಾ?" ಸಿಟ್ಟಾಗಿದ್ದೀರಾ ಎಂದು ಕೇಳಿದರು.

"ನನಗ್ಯಾಕ ಸಿಟ್ಟು?" ಎಂದು ಮರಾಠಿಯಲ್ಲಿ ಹೇಳಬೇಕಾದದ್ದು ಗಾಬರಿಯಲ್ಲಿ ಕನ್ನಡದಲ್ಲೇ ಬಂತು. ಅವರಿಗೆ ಅರ್ಥವಾಯಿತು. ಒಂದು ಸಲ ಕೆಳಗೆ ಬನ್ನಿ ಎಂದು ಕೈ ಹಿಡಿದುಕೊಂಡರು. ಅಂದು ಹಿಡಿದ ಹಾಗೆಯೇ.

ಅವರ ಹಾಲಿನಲ್ಲಿ, ನಮ್ಮ ಚಾಪೆಯ ಸರಿಯಾಗಿ ಕೆಳಗೆ, ನಾನಾರ ಮಂಚ. ಅವರು ಗೋಡೆಗೊರಗಿ ಕುಳಿತಿದ್ದರು. ಲಕ್ವಾ ಹೊಡೆದ ಮೇಲೆ ಅವರ ಮಾತು ಒಂದೊಂದಾಗಿ, ಬಾವಿಯಿಂದ ಸೇದಿದ ಹಾಗೆ ಬರುತ್ತದೆ. ನನ್ನನ್ನು ನೋಡಿದವರು ಸ್ವಾಧೀನವಿರುವ ಎಡಗೈಯನ್ನು ಗೋಡೆಯ ಮೇಲಿಟ್ಟರು, ಮಗುವಿನ ಬೆನ್ನ ಮೇಲೆ ಇಡುವಂತೆ. ಬೆರಳಿನಿಂದ ಮೇಲೆ ನಮ್ಮ ಮನೆಯ ಕಡೆ ತೋರಿಸಿದರು.

"ಗಾಣಂ..." ಅಂದರು. ತಡೆದರು. "ಕಧೀ... ಸುರೂ... ಹೋಣಾರ?"

ಹಾಡು ಯಾವಾಗ ಸುರುವಾಗುತ್ತದೆ?

ನಾನು ಮಂಚದ ಅಂಚಿನಲ್ಲಿ ಕುಳಿತುಬಿಟ್ಟೆ. ಸುಲಭಾತಾಯಿ ಹೇಳಿದ್ದು ಇಷ್ಟು. ನಾವು ಬಂದ ಮರುದಿನದಿಂದ ಗೋಡೆಯಲ್ಲಿ, ನೆಲದಲ್ಲಿ ತಂಬೂರಿ ಸಣ್ಣಗೆ ಇಳಿದು ಬರುತ್ತಿತ್ತು. ನಾನಾ ದಿನಾ ಬೆಳಿಗ್ಗೆ ಎದ್ದು, ಒರಗಿ ಕುಳಿತು, ಈಗ ಹಾಡುತ್ತಾರೆ, ಈಗ ಹಾಡುತ್ತಾರೆ ಎಂದು ಕಾಯುತ್ತಿದ್ದರು. ಹಾಡು ಬರುತ್ತಿರಲಿಲ್ಲ. ತಂಬೂರಿ ನಿಲ್ಲುತ್ತಿತ್ತು. ನಾನು ಸಿಟ್ಟಿನಿಂದ ಹಾಡುತ್ತಿಲ್ಲ ಎಂದು ಅವರು ಅಂದುಕೊಂಡಿದ್ದರು. ಮತ್ತೆ ಹಾಡಿ ಎಂದು ನನಗೆ ಹೇಳಬೇಕೆಂದು ಸುಲಭಾತಾಯಿಗೆ ಎಂದೋ ಅನಿಸಿತ್ತು, ಆದರೆ ತಾವೇ ನಿಲ್ಲಿಸಿ ಎಂದು ಹೇಳಿದವರು, ಯಾವ ಬಾಯಿಯಿಂದ ಬಂದು ಕೇಳುವುದು? ನನ್ನ ಹಾಗೆಯೇ ಅವರೂ ನಾಚಿಕೊಂಡು ಕುಳಿತಿದ್ದರು. ಒಂದೇ ಚಪ್ಪಡಿಯ ಮೇಲೊಬ್ಬಳು, ಕೆಳಗೊಬ್ಬಳು.

"ಉದ್ಯಾ," ಅಂದೆ ನಾನಾಗೆ. ನಾಳೆ. ಅವರು ಎಡಗೈಯನ್ನು ಗೋಡೆಯಿಂದ ತೆಗೆದು ನನ್ನ ತಲೆಯ ಮೇಲಿಟ್ಟರು.

ಸಂಜೆ ಮುಗ್ಧಾಳಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ಅತ್ತು ನಕ್ಕು, ಆಮೇಲೆ ಕೇಳಿದಳು.

"ಪಣ ಮಾವಶಿ, ತಂಬೂರಿ ಸದ್ದು ಕೆಳಗ ಹೆಂಗ ಹೋತು? ಕಾಫಿ ಅಂಗಡಿಯವರು ಆ ಪಾದ ಕೊಟ್ಟಿದ್ರಲ್ಲ?"

"ಯಾ ಪಾದ?"

"ಅರೇ, ಲಕಡೀವು, ಚಾರ್ ಪೀಸ್. ಗ್ರಾಮಫೋನ್ ಕೆಳಗ ಇಡತಾರ, ನಡುಗು ಟೇಬಲ್‌ಗೆ ಇಳೀಬಾರದಂತ. ನಿಮ್ಮ ತಂಬೂರಿಗೆ ಚಮಚಾ ನಡಗಿದ್ವಲ್ಲ, ಅದಕ್ಕ ಕೊಟ್ಟಾರ. ಮೊನ್ನೆ ಹೋದಾಗ ಅವರ ಕೇಳಿದ್ರು, ಕಾಮಿಗೆ ಬಂದ್ವೇನು, ಉಪಯೋಗ ಆತೇನು ಅಂತ. ಎಲ್ಲಿಟ್ಟೀರಿ?"

ನಾನು ದೇವರ ಮನೆಯ ಕಡೆ ನೋಡಿದೆ. ದೀಪ ನೆಟ್ಟಗೆ ನಿಂತು ಉರಿಯುತ್ತಿತ್ತು. ಅಂಗೈ ಕೆಳಗೆ ಒತ್ತಿ ಆ ಮಹಾರಾಯರು ತೋರಿಸಿದ್ದು ಆಶೀರ್ವಾದವಲ್ಲ, ಇದನ್ನು ಪೆಟ್ಟಿಗೆಯ ಕೆಳಗೆ ಇಡಿ ಎಂದು. ಅವರು ಹೇಳಿದ ಹಾಗೆ ಇಟ್ಟಿದ್ದರೆ ತಂಬೂರಿಯ ಒಂದು ಎಳೆಯೂ ನೆಲಕ್ಕೆ ಇಳಿಯುತ್ತಿರಲಿಲ್ಲ, ನಾನಾ ಎದ್ದು ಕುಳಿತು ಕಾಯುತ್ತಿರಲಿಲ್ಲ, ನಾನು ಸಾಯುವ ತನಕ ಬಟ್ಟಲಿನೊಳಗೆ ಹಾಡು ಜಗಿಯುತ್ತ ಇರುತ್ತಿದ್ದೆ. ಕೊಟ್ಟವರಿಗೂ ಋಣಿ, ತಿಳಿಯದ ನನ್ನ ದಡ್ಡತನಕ್ಕೂ ಋಣಿ.

"ಕಾಮಿಗೆ ಬಂದ್ವು ಅಂತ ಹೇಳ, ಮುಗ್ಧಾ," ಅಂದೆ. "ಭಾಳ ಕಾಮಿಗೆ ಬಂದ್ವು."

ಬಟ್ಟಲು ಈಗ ನಮ್ಮವರ ಪಾಲಾಗಿದೆ. ಮಧ್ಯಾಹ್ನ ಊಟವಾದ ಮೇಲೆ ಅದನ್ನು ಬಾಯಿಗೆ ಒತ್ತಿಕೊಂಡು ಏನೋ ಹಾಡುತ್ತಾರೆ. ಏನೆಂದು ನಮಗೆ ಕೇಳುವುದಿಲ್ಲ. ಅದನ್ನು ಮಾಡಿದ ಜಪಾನಿ ಪುಣ್ಯಾತ್ಮರಿಗೆ ಇಡೀ ಬಿಲ್ಡಿಂಗಿನ ಪರವಾಗಿ ನಾನು ಕೃತಜ್ಞತೆ ಹೇಳಬೇಕು.

ನಾನಾಗೆ ಮಾತು ಕೊಟ್ಟ ಮರುದಿನ ಬೆಳಿಗ್ಗೆ ಚಾಪೆ ಹಾಸಿದೆ. ನಾಲ್ಕು ಪಾದಗಳನ್ನು ದೀಪದ ಕೆಳಗೇ ಬಿಟ್ಟೆ. ತಂಬೂರಿಯನ್ನು ಬರಿ ನೆಲದ ಮೇಲೆ, ಗೋಡೆಗೆ ಇನ್ನಷ್ಟು ಒತ್ತಿ ಇಟ್ಟು ಹಚ್ಚಿದೆ. ಕೆಳಗೆ ಮಂಚ ಕಿರ್ ಎಂದಿತು, ನಾನಾ ಎದ್ದು ಕುಳಿತರು. ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ ಆ ಹಿರಿಯರೂ ನೆನಪಾದರು. ದನಿ ಒಡೆದರೆ ಒಡೆಯಲಿ ಎಂದು ದವಡೆ ಬಿಚ್ಚಿ ಸಾ ಹಿಡಿದೆ.